ಚಿಕ್ಕೋಡಿರಾಜನ ವಂಶಾವಳಿ

ಮಾಂಸಕ್ಕೊಂದು ತಳಿ, ತತ್ತಿಗೊಂದು ತಳಿ ಎಂದು ಎರಡು ಬಗೆಯ ಕೋಳಿ ಸಾಕುವುದು ವ್ಯವಹಾರ ಬಲ್ಲವರ ಕೆಲಸ. ನಾನು ಸಾಕಲು ಹೊರಟದ್ದು ಒಂದೇ ಬಗೆಯ ಕೋಳಿ, ಅದೂ ಇನ್ನೂ ಭೂಮಿಯ ಮೇಲೆ ಹುಟ್ಟಿರದ್ದು. ಗೂಡು ಅರ್ಧ ಆಗಿತ್ತು. ಹೆಸರು ಮಾತ್ರ ಪೂರ್ತಿ ತಯಾರಿತ್ತು: ಚಿಕ್ಕೋಡಿರಾಜ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಗಿರಿರಾಜನನ್ನು ಹುಟ್ಟಿಸಿ ನಾಡಿಗೆ ಕೊಡಬಹುದಾದರೆ, ನಿವೃತ್ತಿಯಾಗುವವರೆಗೂ ಹೈಸ್ಕೂಲಿನಲ್ಲಿ ಮೆಂಡೆಲನ ಬಟಾಣಿ ಕಲಿಸಿದ ನನಗೆ ಇದೇನು ಮಹಾ? ಬಟಾಣಿಯನ್ನು ಕರಿಹಲಗೆ ಬಿಟ್ಟು ಬೇರೆಲ್ಲೂ ಬೆಳೆದವನಲ್ಲ ನಾನು, ಆ ಮಾತು ಬೇರೆ.

"ಅದ ಗಿರಿರಾಜನ ಮರಿ ತಂದ್ ಸಾಕ್ರಿ, ಮುಗದ್ಹೋತು" ಎಂದಳು ಹೆಂಡತಿ.

ಮುಗಿಯುವುದಿಲ್ಲ ಎಂದು ಅವಳಿಗೆ ಪಾಠ ಮಾಡಿದೆ. ಹೆಬ್ಬಾಳದವರು ಗಂಡಿನ ಸಾಲು, ಹೆಣ್ಣಿನ ಸಾಲು ಬೇರೆ ಬೇರೆ ಕಾಪಾಡಿಕೊಂಡು ಪ್ರತಿ ಸಲ ಹೊಸದಾಗಿ ಕೂಡಿಸಿ ಮರಿ ಮಾಡುತ್ತಾರೆ. ಆ ಮೊದಲ ಕೂಡಿಕೆಯ ಮರಿಗೆ ಇರುವ ಕಸುವು ಅದರ ಮಕ್ಕಳಿಗೆ ಇರುವುದಿಲ್ಲ. ಮನೆಯಲ್ಲೇ ತತ್ತಿ ಇಟ್ಟು ಮರಿ ಮಾಡಿಸಿದರೆ ತೂಕ ಇಳಿಯುತ್ತದೆ, ತತ್ತಿ ಇಳಿಯುತ್ತದೆ, ಒಂದರಂತೆ ಇನ್ನೊಂದು ಇರುವುದಿಲ್ಲ. ಮತ್ತೆ ಮರಿ ಕೊಳ್ಳಲು ಹೋಗಲೇಬೇಕು. ಅದಕ್ಕೇ ನಮ್ಮದೇ ಒಂದು ತಳಿ ಬೇಕು. ಇಷ್ಟು ಹೇಳುವಷ್ಟರಲ್ಲಿ ಅವಳು ಕುಕ್ಕರಿನ ನಾಲ್ಕು ಸೀಟಿ ಮುಗಿಸಿದ್ದಳು.

ತಳಿಗೆ ಬೇಕಾದ ಬೀಗರನ್ನು ಸುತ್ತಲಿನ ತಾಲೂಕುಗಳಿಂದಲೇ ಹುಡುಕಿದೆ. ಅಥಣಿಯ ಗೆಳೆಯನಿಂದ ಒಂದು ಅಸೀಲ್ ಹುಂಜ. ಕಾದಾಟದ ತಳಿ, ಎತ್ತರದ ಆಳು, ಎದೆಯಲ್ಲಿ ಮಾಂಸ, ತಲೆಯಲ್ಲಿ ಸಿಟ್ಟು. ಕಾಗವಾಡದ ಕಡೆಯ ಕಬ್ಬಿನ ತೋಟದ ಮನೆಯಿಂದ ಒಂದು ಜವಾರಿ ಹ್ಯಾಟಿ; ವರ್ಷಕ್ಕೆ 50–60 ತತ್ತಿ ಇಟ್ಟರೆ ಹೆಚ್ಚು, ಆದರೆ ಕಾವಿಗೆ ಕೂತರೆ ಮನೆಗೆ ಬೆಂಕಿ ಬಿದ್ದರೂ ಏಳುವುದಿಲ್ಲ. ರಾಯಬಾಗದಿಂದ ಎರಡು ಸ್ವರ್ಣಧಾರಾ, 2005ರಲ್ಲಿ ಹೊರಬಂದ ತಳಿ; ಹಿತ್ತಲಲ್ಲಿ ಮೇಯ್ದುಕೊಂಡೇ ವರ್ಷಕ್ಕೆ 180ರ ಆಸುಪಾಸು ತತ್ತಿ ಇಡುತ್ತದೆ ಎಂಬ ಹೆಸರಿದೆ. ನಿಪ್ಪಾಣಿ ಸಂತೆಯಲ್ಲಿ ಸಿಕ್ಕಿದ್ದು ಬೋಳು ಕುತ್ತಿಗೆಯದು. ನೋಡಲು ಹದ್ದಿನ ಸಂಬಂಧಿ, ಆದರೆ ಕುತ್ತಿಗೆಗೆ ಪುಕ್ಕವಿಲ್ಲದ ಕೋಳಿ ನಮ್ಮ ಏಪ್ರಿಲ್ ಬಿಸಿಲನ್ನು ಉಳಿದವಕ್ಕಿಂತ ಚೆನ್ನಾಗಿ ತಡೆಯುತ್ತದೆ. ಇಷ್ಟನ್ನೂ ಒಂದೇ ಚರ್ಮದೊಳಗೆ ಸೇರಿಸುವುದು ನನ್ನ ಯೋಜನೆ.

ತೊಡಕು ಇರುವುದು ಇಲ್ಲೇ. ಕಾವಿಗೆ ಕೂತ ಕೋಳಿ ತತ್ತಿ ನಿಲ್ಲಿಸುತ್ತದೆ. ಹೆಚ್ಚು ತತ್ತಿ ಬೇಕೆಂದವರು ತಲೆಮಾರುಗಟ್ಟಲೆ ಕಾವಿನ ಗುಣವನ್ನೇ ಕೋಳಿಯಿಂದ ತೆಗೆದುಹಾಕಿದರು. ತತ್ತಿಗೆ ಹೆಸರಾದ ಲೆಗ್‌ಹಾರ್ನ್‌ಗೆ ತಾನಿಟ್ಟ ತತ್ತಿ ಯಾಕೆ ಇಟ್ಟೆ ಎಂಬುದೂ ನೆನಪಿರುವುದಿಲ್ಲ. ಮೈ ಬಂದ ಕೋಳಿ ಬೆಕ್ಕಿನ ಬಾಯಿಗೆ, ಓಡುವ ಕೋಳಿಗೆ ಮೈಯಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದವನೇ ಇಂಥ ಕೆಲಸಕ್ಕೆ ಕೈಹಾಕುವುದು. ಗೊತ್ತಿಲ್ಲದವರು ಅಂಗಡಿಯಿಂದ ಅರ್ಧ ಕಿಲೋ ತರುತ್ತಾರೆ.

ಮೊದಲ ಹೆಜ್ಜೆ, ಅಥಣಿಯ ಹುಂಜಕ್ಕೂ ಕಾಗವಾಡದ ಹ್ಯಾಟಿಗೂ ಜೋಡಿ. ಕೋಳಿ ಒಮ್ಮೆ ಹುಂಜವನ್ನು ಕೂಡಿದರೆ ಅದರ ವೀರ್ಯವನ್ನು ಮೈಯೊಳಗೇ ಎರಡು ಮೂರು ವಾರ ಕಾದಿಟ್ಟುಕೊಂಡು ತತ್ತಿಗಳಿಗೆ ಹಂಚುತ್ತದೆ. ಹಾಗಾಗಿ ತಂದೆ ಯಾರೆಂದು ಎದೆ ತಟ್ಟಿ ಹೇಳಬೇಕಾದರೆ ಹ್ಯಾಟಿಯನ್ನು ಮೂರು ವಾರ ಒಂಟಿಯಾಗಿ ಇಡಬೇಕು. ಇಟ್ಟೆ. ಎದುರು ಮನೆಯ ಆಯಿ, ಕೋಳಿ ಎಂಬ ಶಬ್ದಕ್ಕೇ ಮೂಗಿಗೆ ಸೆರಗು ಹಿಡಿಯುವವರು, ಬಾಗಿಲಲ್ಲೇ ನಿಂತು "ಪಾಪ, ಏನ್ ತಪ್ಪ ಮಾಡೈತ್ರಿ ಮಾಸ್ತರ ಅದು?" ಎಂದು ಕೇಳಿದರು. ಗಲ್ಲಿಯಲ್ಲಿ ಅಲೆಯುವ ಒಂದು ಕರಿ ಹುಂಜ ನಮ್ಮ ಗೋಡೆಯ ಮೇಲೆ ಕೂತು ಅದೇ ಪ್ರಶ್ನೆಯನ್ನು ತನ್ನ ಭಾಷೆಯಲ್ಲಿ ದಿನವೂ ಕೇಳುತ್ತಿತ್ತು. ಅದು ಯಾರದೆಂದು ಯಾರೂ ಒಪ್ಪಿಕೊಳ್ಳುತ್ತಿರಲಿಲ್ಲ; ಒಪ್ಪಿಕೊಂಡವರು ನಮ್ಮ ಮೆಂತ್ಯೆ ಮಡಿಯ ಲೆಕ್ಕ ಕೊಡಬೇಕಾಗುತ್ತಿತ್ತು.

ಜೋಡಿ ಕೂಡಿಸುವ ದಿನವೇ ನನ್ನ ತಂಗಿಯ ಮಗಳನ್ನು ನೋಡಲು ಪಾವಣ್ಯಾರು ಬಂದರು. ಮುಹೂರ್ತ ಅವರದೂ ಅದೇ, ನನ್ನದೂ ಅದೇ. ಒಳಗೆ ಶಿರಾ, ಉಪ್ಪಿಟ್ಟು, ಹೊಸ ಚಾದರ. ನಾನು ಹಿತ್ತಲಲ್ಲಿ ಕಣಕಿ ಬಣವಿಯ ಹಿಂದೆ ಇಸ್ತ್ರಿ ಮಾಡಿದ ಧೋತರ ಮಂಡಿಗೆ ಎತ್ತಿಕೊಂಡು, ಕೈಯಲ್ಲಿ ನೋಟುಬುಕ್ಕು ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದೆ. ಮನುಷ್ಯ ಕಣ್ಣೆದುರು ನಿಂತರೆ ಅಸೀಲಿಗೆ ಪ್ರೇಮ ಮರೆತು ಯುದ್ಧ ನೆನಪಾಗುತ್ತಿತ್ತು.

ಬೆನ್ನ ಹಿಂದೆ ಕೆಮ್ಮು ಕೇಳಿಸಿತು. ತಿರುಗಿದರೆ ಹುಡುಗನ ಸೋದರಮಾವ. ಬಿಳಿ ಪಟಕಾ, ಹುರಿ ಮೀಸೆ, ಕೈಯಲ್ಲಿ ನೀರಿನ ತಂಬಿಗೆ. ಹಿತ್ತಲಿಗೆ ಬಂದದ್ದು ಬೇರೆ ಕೆಲಸಕ್ಕೆ. ಅವರು ನನ್ನನ್ನು ನೋಡಿದರು, ನನ್ನ ನೋಟುಬುಕ್ಕು ನೋಡಿದರು, ಹುಂಜವನ್ನು ನೋಡಿದರು. ತಂಬಿಗೆ ಕೆಳಗಿಟ್ಟು, ಮಾತಿಲ್ಲದೆ ನನ್ನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು.

"ಅಸೀಲ?" ಎಂದರು, ಪಿಸುದನಿಯಲ್ಲಿ.

"ಹೌದ್ರಿ. ಅಥಣಿ ಕಡೇದು."

"ಮನೆತನ ಚೊಲೋ ಐತಿ. ತೂಕ?"

"ನಾಕು ಕಿಲೋಕ್ಕ ಹತ್ರ."

"ಹೆಣ್ಣು?"

"ಕಾಗವಾಡದ್ದು. ಬಡವರ ಮನೀದು, ಗುಣ ಭಾಳ ಚೊಲೋ."

ಅವರಿಗೆ ಕಿವಿ ಸ್ವಲ್ಪ ಮಂದ. ಪಿಸುಮಾತು ಮೆಲ್ಲಗೆ ಮಾತಾಯಿತು, ಮಾತು ಜೋರು ಮಾತಾಯಿತು. ಹಿತ್ತಲಿಗೂ ಪಡಸಾಲೆಗೂ ನಡುವೆ ಇರುವುದು ಒಂದೇ ಕಿಟಕಿ. ಒಳಗೆ ಶಿರಾದ ತಟ್ಟೆ ಹಿಡಿದಿದ್ದ ತಂಗಿ, ಗಂಡಸರು ಹೊರಗೆ ನಿಂತು ಮಾತುಕತೆ ಶುರುಮಾಡಿದರೆಂದು ಹಿಗ್ಗಿದಳಂತೆ.

"ಕಾಲ ನೋಡ್ರಿ, ಹಳದಿ. ಕಲಬೆರಕಿ ಇಲ್ಲದ ರಕ್ತಕ್ಕ ಇದ ಗುರುತು" ಎಂದರು ಮಾವನವರು.

ಪಾಠ ಮಾಡುವ ಚಟ ನಿವೃತ್ತಿಯಾಗುವುದಿಲ್ಲ. "ತಪ್ಪು ತಿಳೀಬ್ಯಾಡ್ರಿ ಯಜಮಾನರ. ಕೋಳಿಯ ಮೂಲ ಕೆಂಪು ಕಾಡುಕೋಳಿ. ಆದ್ರ ಈ ಹಳದಿ ಕಾಲು ಬಂದಿದ್ದು ಬೂದು ಕಾಡುಕೋಳಿಯಿಂದ, ನಮ್ಮ ಸಹ್ಯಾದ್ರಿ ಕಾಡಿನ್ಯಾಗ ಕೂಗತೈತಲ್ಲ, ಅದರಿಂದ. 2008ರಾಗ ಸ್ವೀಡನ್ನಿನ ಮಂದಿ ಶೋಧ ಮಾಡಿ ಹೇಳ್ಯಾರ."

"ಅಂದ್ರ?" ಎಂದು ಅವರು ಎದ್ದೇ ನಿಂತರು. "ಮೂಲದಾಗ ಎಲ್ಲಾರೂ ಕಲಬೆರಕಿನ?"

"ಎಲ್ಲಾರೂನು. ನಾವು ಮನೆತನ ಮನೆತನ ಅಂತ ಹೊಡಕೋತೀವಷ್ಟ!"

ಒಳಗೆ ತಟ್ಟೆಯೊಂದು ಬಿದ್ದ ಸದ್ದಾಯಿತು.

ಅವರು ಎದ್ದು ನಿಂತದ್ದೇ ಘಾತವಾಯಿತು. ಬಿಳಿ ಪಟಕಾ ಬಣವಿಯ ಮೇಲೆ ಮೂಡಿದ್ದನ್ನು ಕಂಡ ಅಸೀಲ್ ಅದನ್ನು ಇನ್ನೊಂದು ಹುಂಜವೆಂದು ಭಾವಿಸಿ, ಹ್ಯಾಟಿಯನ್ನು ಬಿಟ್ಟು, ಬಲೆಯ ಬಾಗಿಲು ಕಿತ್ತುಕೊಂಡು ಹಾರಿಬಂತು. ಮಾವನವರು ತಂಬಿಗೆಯನ್ನು ಗುರಾಣಿ ಮಾಡಿಕೊಂಡರು. ನಾನು ನೋಟುಬುಕ್ಕಿನಿಂದ ಹೊಡೆದೆ. ಹುಂಜ ನನ್ನ ಧೋತರದ ಚುಂಗು ಹಿಡಿಯಿತು, ನಾನು ಹುಂಜದ ಬಾಲ ಹಿಡಿದೆ, ಮಾವನವರು ನನ್ನನ್ನು ಹಿಡಿದರು. ಮೂವರೂ ಬಣವಿಗೆ ಒಂದು ಸುತ್ತು ಪ್ರದಕ್ಷಿಣೆ ಹಾಕಿದೆವು. ಕಿಟಕಿಯಲ್ಲಿ ಎರಡೂ ಕಡೆಯ ಹೆಂಗಸರ ಮುಖಗಳು ಸಾಲಾಗಿ ಮೂಡಿದವು. ಹುಡುಗಿಯೂ ಹುಡುಗನೂ ಒಬ್ಬರನ್ನೊಬ್ಬರು ಸರಿಯಾಗಿ ನೋಡಿದ್ದು ಅದೇ ಹೊತ್ತಿನಲ್ಲಿ ಎಂದು ಆಮೇಲೆ ತಿಳಿಯಿತು. ಯಾಕೆಂದರೆ ಉಳಿದವರೆಲ್ಲ ನಮ್ಮನ್ನು ನೋಡುತ್ತಿದ್ದರು.

ಹುಂಜವನ್ನು ಬುಟ್ಟಿ ಮುಚ್ಚಿ ಕೂರಿಸಿ ನಾವು ಉಸಿರು ಬಿಡುವಾಗ ಗೂಡಿನ ಮೂಲೆಯಲ್ಲಿ ಹ್ಯಾಟಿ ಮೈ ಕೊಡವಿಕೊಂಡು ಪುಕ್ಕ ಸರಿಮಾಡಿಕೊಳ್ಳುತ್ತಿತ್ತು. ಗೋಡೆಯ ಮೇಲೆ ಏನೋ ಕರ್ರಗೆ ಸರಿದಂತಾಯಿತು.

"ಆತಲ್ಲ?" ಎಂದರು ಮಾವನವರು.

"ಯಾವಾಗ? ಯಾರದು?"

"ಅಸೀಲಂದ. ಜಗಳಕ್ಕ ಮೊದಲ. ನಾ ಕಣ್ಣಾರೆ ನೋಡೀನಿ, ಬರ್ಕೋರಿ."

ಸಾಕ್ಷಿ ಹಿರಿಯರದು. ಬರೆದುಕೊಂಡೆ. ಸಂಬಂಧವೂ ಕುದುರಿತು. ಇಂಥ ಮನೆಯವರು ಏನನ್ನೂ ಮುಚ್ಚಿಡುವವರಲ್ಲ ಎಂದು ಅವರ ಕಡೆಯವರು ಮಾತಾಡಿಕೊಂಡರಂತೆ.

ಹ್ಯಾಟಿ ಕಾವಿಗೆ ಕೂತ 21 ದಿನಕ್ಕೆ ಮರಿ ಒಡೆದವು. ಕೆಲವು ವಾರಕ್ಕೆ ಜುಟ್ಟು ಕಾಣಿಸಿಕೊಂಡವು, ಅಲ್ಲಿಗೆ ಸಾಕ್ಷಿ ಬಿದ್ದುಹೋಯಿತು. 1902ರಲ್ಲಿ ಕೇಂಬ್ರಿಜ್‌ನ ಬೇಟ್ಸನ್ ಮೆಂಡೆಲನ ನಿಯಮ ಬಟಾಣಿಗಷ್ಟೇ ಅಲ್ಲ, ಪ್ರಾಣಿಗೂ ಹೊಂದುತ್ತದೆಂದು ತೋರಿಸಿದ್ದು ಕೋಳಿಯ ಜುಟ್ಟಿನ ಮೇಲೆಯೇ. ಅಸೀಲಿಗೆ ಇರುವುದು ಬಟಾಣಿ ಜುಟ್ಟು, ಸಣ್ಣದು, ಮೂರು ಗೀರಿನದು. ನಮ್ಮ ಕಾಗವಾಡದ ಹ್ಯಾಟಿಗೆ ಗುಲಾಬಿ ಜುಟ್ಟು. ಎರಡೂ ಕೂಡಿದರೆ ಹುಟ್ಟುವುದು ಇಬ್ಬರಿಗೂ ಇಲ್ಲದ ಅಕ್ರೋಟ ಜುಟ್ಟು. ತಾಯಿಯಲ್ಲಿ ಬೆರಕೆ ಇದ್ದರೂ, ತಂದೆ ಅಪ್ಪಟ ಅಸೀಲ್ ಆಗಿದ್ದರೆ ಗರಗಸದ ಹಲ್ಲಿನ ಒಂಟಿ ಜುಟ್ಟು ಒಂದು ಮರಿಗೂ ಬರುವಂತಿಲ್ಲ. ನಮ್ಮ ಮರಿಗಳಲ್ಲಿ ಅರ್ಧಕ್ಕೆ ಗುಲಾಬಿ, ಅರ್ಧಕ್ಕೆ ಗರಗಸ. ಅಕ್ರೋಟ ಹುಡುಕಿದರೂ ಇಲ್ಲ. ಬೇಟ್ಸನ್ ಸಾಹೇಬರು ಶತಮಾನದಾಚೆಯಿಂದ ಬೆರಳೆತ್ತಿ ಗೋಡೆಯ ಕಡೆ ತೋರಿಸುತ್ತಿದ್ದರು.

ಆದರೂ ಬೆಳೆಸಿದೆವು. ತತ್ತಿ ಮಾರಿದೆವು. ಇಲ್ಲಿ ನನ್ನ ಸಿಟ್ಟಿನ ಒಂದು ಮಾತು ಹೇಳಿಬಿಡುತ್ತೇನೆ. "ಜವಾರಿ ಅದಾವ ಏನ್ರಿ, ಕೆಂಪಗಿರಬೇಕ್ರಿ" ಎಂದು ಬರುವವರೆಲ್ಲ ಬಣ್ಣವನ್ನು ಕೊಳ್ಳುತ್ತಾರೆ. ಚಿಪ್ಪಿನ ಬಣ್ಣ ತಳಿಯದು, ಒಳಗಿನ ಸತ್ವದ್ದಲ್ಲ. ಬಿಳಿ ತತ್ತಿಯನ್ನು ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಜವಾರಿ ಎಂದು ಮಾರುವವರಿಗೆ ಎರಡು ಪಟ್ಟು ಕೊಟ್ಟು, ನಮ್ಮ ಅಂಗಳಕ್ಕೆ ಬಂದು ಅದೇ ಜನ ಎಂಟಾಣೆ ಚೌಕಾಸಿ ಮಾಡುತ್ತಾರೆ. ಇನ್ನೊಂದು ಪಂಗಡವಿದೆ: "ಮನಿಯಾಗ ನಡಿಯಾಂಗಿಲ್ರಿ, ಹೊಲದಾಗ ನಡಿತೈತಿ." ಕತ್ತಲಾದ ಮೇಲೆ ಬಂದು, ಹುಂಜವನ್ನು ಗೊಬ್ಬರದ ಚೀಲದಲ್ಲಿ ಹಾಕಿಸಿಕೊಂಡು, ಮರುದಿನ ಬೆಳಿಗ್ಗೆ ನಮ್ಮ ಮನೆಯ ಮುಂದೆ ಮೂಗು ಮುಚ್ಚಿಕೊಂಡು ಹೋಗುತ್ತಾರೆ.

ಆ ಬೇಸಿಗೆ ಕೊಕ್ಕರೆ ರೋಗ ಬಂತು. 1927ರಲ್ಲಿ ಕುಮಾವೂ ಬೆಟ್ಟದ ರಾಣಿಖೇತದಲ್ಲಿ ಗುರುತಿಸಿದ್ದರಿಂದ ಪುಸ್ತಕದಲ್ಲಿ ಅದಕ್ಕೆ ಆ ಊರಿನ ಹೆಸರು. ಮೊದಲು ಅಸೀಲ್ ರೆಕ್ಕೆ ಇಳಿಬಿಟ್ಟು ನಿಂತಿತು. ಸಂಜೆಗೆ ಹಸಿರು ಹಿಕ್ಕೆ. ಬೋಳು ಕುತ್ತಿಗೆಯದು ಆ ಕುತ್ತಿಗೆಯನ್ನು ತಿರುಚಿಕೊಂಡು ಆಕಾಶ ನೋಡುತ್ತಾ ಬಿದ್ದುಕೊಂಡಿತು. ಸ್ವರ್ಣಧಾರಾ, ಗರಗಸದ ಮರಿಗಳು, ಗುಲಾಬಿಯವು, ತಳಿ ಭೇದವಿಲ್ಲದೆ ಹೋದವು. ಹೆಂಡತಿ ಸುಣ್ಣ ತಂದಳು, ನಾನು ಗುಂಡಿ ತೋಡಿದೆ. ಉಳಿದದ್ದು ಕಾಗವಾಡದ ಹ್ಯಾಟಿ ಮತ್ತು ಎರಡು ಮರಿ.

ಲಸಿಕೆ ಇತ್ತು. ಅಗ್ಗದ್ದೇ. ಆದರೆ ಸೀಸೆ ಬರುವುದೇ ನೂರು, ಇನ್ನೂರು ಕೋಳಿಯ ಲೆಕ್ಕದಲ್ಲಿ. ಮಂಜುಗಡ್ಡೆಯಲ್ಲಿಟ್ಟು ತರಬೇಕು, ಒಮ್ಮೆ ಕಲಸಿದರೆ ಗಂಟೆ ಎರಡು ಗಂಟೆಯೊಳಗೆ ಮುಗಿಸಬೇಕು. ಹಿತ್ತಲಲ್ಲಿ ಹತ್ತು ಹನ್ನೆರಡು ಕೋಳಿ ಇಟ್ಟುಕೊಂಡ ಹೆಂಗಸು ಉಳಿದ ಹನಿಗಳನ್ನು ಏನು ಮಾಡಬೇಕು? ಅವಳೂ ತರುವುದಿಲ್ಲ, ಪಕ್ಕದವಳೂ ತರುವುದಿಲ್ಲ, ಬೇಸಿಗೆ ಮಾತ್ರ ತಪ್ಪದೆ ಬರುತ್ತದೆ.

ಮರುವರ್ಷ ಒಂದು ಸೀಸೆ ತಂದು, ಕೋಳಿ ಇರುವವರೆಲ್ಲ ಬೆಳಿಗ್ಗೆ ಬೇಗ ಬನ್ನಿ, ದುಡ್ಡು ಬೇಡ ಎಂದು ಗಲ್ಲಿಗೆಲ್ಲ ಹೇಳಿ ಕಳಿಸಿದೆ. ನನ್ನ ಲೆಕ್ಕದಲ್ಲಿ ನಾಲ್ಕೈದು ಮನೆ. ಬಂದದ್ದು ಇಡೀ ಗಲ್ಲಿ. ಹೊದಿಕೆ ಹೊದಿಸಿದ ಬುಟ್ಟಿ, ಶಾಲೆಯ ಚೀಲ, ಗೊಬ್ಬರದ ಚೀಲ; ಹೊಲದಾಗ ಮಾತ್ರ ನಡೆಯುವವರ ಹೊಲವೆಲ್ಲ ಹಿತ್ತಲಲ್ಲೇ ಇತ್ತು. ಒಂದೊಂದು ಕಣ್ಣಿಗೆ ಒಂದೊಂದು ಹನಿ ಹಾಕುತ್ತಾ ಹೋದೆ.

ಕೊನೆಗೆ ಎದುರು ಮನೆಯ ಆಯಿ ಬಂದರು. ಸೆರಗು ಮೂಗಿನ ಮೇಲಿರಲಿಲ್ಲ, ಕಂಕುಳ ಸುತ್ತ ಇತ್ತು, ಅದರೊಳಗೆ ಏನೋ ಒದ್ದಾಡುತ್ತಿತ್ತು. ಬಿಚ್ಚಿದರು. ಕರಿ ಹುಂಜ. ಗರಗಸದ ಒಂಟಿ ಜುಟ್ಟು. ಸಾಕಿದ ಕೈಯ ಜೋಳ ತಿಂದು ಮಿರಿಮಿರಿ ಮಿಂಚುತ್ತಿತ್ತು.

ನಾನು ಆಯಿಯ ಮುಖ ನೋಡಿದೆ.

"ಹಂಗ್ಯಾಕ ನೋಡ್ತೀರಿ ಮಾಸ್ತರ?" ಎಂದರು. "ನಾವು ತತ್ತಿ ಮುಟ್ಟಾಂಗಿಲ್ಲ. ಅದಕ್ಕಂತನ ಹುಂಜ ಸಾಕೀವಿ."