ಹೆಬ್ಬೆಟ್ಟು ಮೀಮಾಂಸೆ: ರೂಪನಗುಡಿ ಹೋಬಳಿಯನ್ನು ವಿಶೇಷವಾಗಿ ಅನುಲಕ್ಷಿಸಿ

ಶಾಸ್ತ್ರಗ್ರಂಥ ಬರೆಯಹೊರಟವನು ಮೊದಲಿಗೆ ಅನುಬಂಧ ಚತುಷ್ಟಯವನ್ನು ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ, ಹೀಗೆ ನಾಲ್ಕು. ಪ್ರಾಚೀನರಲ್ಲಿ ಅಧಿಕಾರಿ ಎಂದರೆ ಗ್ರಂಥವನ್ನು ಓದುವ ಯೋಗ್ಯತೆ ಉಳ್ಳವನು. ನಮ್ಮ ಕಾಲದಲ್ಲಿ ಮೀಟಿಂಗಿಗೆ ಹೋಗಿರುವವನು. ಆದ್ದರಿಂದ ಆ ಕಲಮನ್ನು ಖಾಲಿ ಬಿಟ್ಟಿದ್ದೇನೆ. ವಿಷಯ: ಹೆಬ್ಬೆಟ್ಟು. ಸಂಬಂಧ: ಬೆರಳಿಗೂ ಬಾಯಿಗೂ ಇರುವುದು. ಪ್ರಯೋಜನ: ಅಕ್ಕಿ.

ಕ್ಷೇತ್ರಕಾರ್ಯಕ್ಕೆ ಬಳ್ಳಾರಿ ತಾಲ್ಲೂಕಿನ ರೂಪನಗುಡಿ ಹೋಬಳಿಯನ್ನೇ ಏಕೆ ಆರಿಸಿದಿರಿ ಎಂದು ಮಾರ್ಗದರ್ಶಕರು ಕೇಳಿದರು. ಬಸ್ಸು ಸಿಕ್ಕಿತು ಎಂಬ ನಿಜವನ್ನು ಮಹಾಪ್ರಬಂಧದಲ್ಲಿ ಬರೆಯುವಂತಿಲ್ಲವಾದ್ದರಿಂದ ನಿರುಕ್ತದ ಮೊರೆಹೋದೆ. ಈ ಜಗತ್ತೆಲ್ಲ ನಾಮರೂಪಾತ್ಮಕ ಎನ್ನುತ್ತಾರೆ ವೇದಾಂತಿಗಳು. ಸರ್ಕಾರದ ನಿಲುವೂ ಅದೇ. ಕಾಗದದಲ್ಲಿರುವುದು ನಾಮ, ಯಂತ್ರದ ಮೇಲೆ ಒತ್ತುವುದು ರೂಪ. ಎರಡೂ ಕೂಡಿದರೆ ಫಲಾನುಭವಿ. ಎರಡೂ ಕೂಡದಿದ್ದರೆ ಒತ್ತಿದಾಕೆ ನಾಮರೂಪಗಳನ್ನು ದಾಟಿದ ನಿರ್ಗುಣ ನಿರಾಕಾರ ಪರಬ್ರಹ್ಮ. ಪರಬ್ರಹ್ಮಕ್ಕೆ ರೇಷನ್ ಕಾರ್ಡಿನ ಅಗತ್ಯವಿಲ್ಲ. ಹೀಗಿರಲಾಗಿ, ಹೆಸರಿನಲ್ಲೇ ರೂಪವನ್ನೂ ಗುಡಿಯನ್ನೂ ಇಟ್ಟುಕೊಂಡಿರುವ ಊರಿಗಿಂತ ಪ್ರಶಸ್ತವಾದ ಕ್ಷೇತ್ರ ಇನ್ನೆಲ್ಲಿದೆ? (ಈ ನಿರುಕ್ತವನ್ನು ಸ್ಥಳನಾಮ ವಿದ್ವಾಂಸರು ಒಪ್ಪಲಿಕ್ಕಿಲ್ಲ. ನಾನು ಅವರನ್ನು ಕೇಳಲೂ ಇಲ್ಲ.)

ಲಕ್ಷಣ

ಹಿರಿದಾದ ಬೆಟ್ಟು ಹೆಬ್ಬೆಟ್ಟು, ಕರ್ಮಧಾರಯ ಸಮಾಸ. ಹೊತ್ತವರ ಕರ್ಮವನ್ನು ಧರಿಸಿರುವುದರಿಂದಲೂ ಈ ಸಮಾಸ ಯುಕ್ತವೇ. ಕನ್ನಡದಲ್ಲಿ ಈ ಪದಕ್ಕೆ ಎರಡನೆಯ ಅರ್ಥವೊಂದಿದೆ: ಓದುಬರಹ ಬಾರದವನು. "ಅವನೊಬ್ಬ ಹೆಬ್ಬೆಟ್ಟು" ಎಂದರೆ ಅದು ಬೆರಳಿನ ವರ್ಣನೆಯಲ್ಲ, ಬೈಗುಳ. ಹಳೆಯ ಕ್ರಯಪತ್ರಗಳ ಕೊನೆಯಲ್ಲಿ ನೀಲಿ ಶಾಯಿಯ ಒಂದು ಮುದ್ದೆ, ಅದರ ಪಕ್ಕದಲ್ಲಿ "ಎಡಗೈ ಹೆಬ್ಬೆಟ್ಟಿನ ಗುರುತು" ಎಂಬ ಒಕ್ಕಣೆ, ಅದರ ಕೆಳಗೆ ಬಿಕ್ಕಲಂ ಎಂದು ಪತ್ರ ಬರೆದವನ ಠೀವಿಯ ಸಹಿ. ಹೊಲ ಮಾರಿದವನದು ಮುದ್ದೆ, ಬರೆದವನದು ಮುತ್ತಿನಂಥ ಅಕ್ಷರ.

ಈ ಅವಮಾನವನ್ನು ತೊಡೆಯಲೆಂದೇ 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಹುಟ್ಟಿತು. ತೊಂಬತ್ತರ ದಶಕದಲ್ಲಿ ಊರೂರಿನ ಗುಡಿಕಟ್ಟೆಗಳ ಮೇಲೆ ರಾತ್ರಿ ಶಾಲೆಗಳು ನಡೆದವು. ಹಗಲೆಲ್ಲ ಕಳೆ ತೆಗೆದು ಬಂದ ಹೆಂಗಸರು ಸ್ಲೇಟು ಹಿಡಿದು ತಮ್ಮ ಹೆಸರನ್ನು ತಿದ್ದಿದರು. ಹೆಬ್ಬೆಟ್ಟು ಒತ್ತುವ ಕಾಲ ಮುಗಿಯಿತು, ಇನ್ನೇನಿದ್ದರೂ ಸಹಿ ಎಂದು ಆ ಹೆಂಗಸರನ್ನು ನಂಬಿಸಲಾಯಿತು. ಅವರು ಸಹಿ ಕಲಿತು ಕೈ ತೊಳೆದುಕೊಳ್ಳುವಷ್ಟರಲ್ಲಿ ಸರ್ಕಾರ ಮನಸ್ಸು ಬದಲಿಸಿತು.

ಈಗ ಎಲ್ಲರೂ ಹೆಬ್ಬೆಟ್ಟೇ. ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಬೆಳಿಗ್ಗೆ ಬಂದೊಡನೆ ಗೋಡೆಯ ಯಂತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ. ಹನ್ನೆರಡನೆಯ ಶತಮಾನದಿಂದ ಶರಣರು ಹೇಳಿ ಹೇಳಿ ಸೋತ ಸಮಾನತೆಯನ್ನು ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರ ತಂದಿದೆ. ಡಿ.ಲಿಟ್ ಆದವರೂ ಹೆಬ್ಬೆಟ್ಟು, ಡಿ.ಲಿಟ್ ಎಂದರೇನೆಂದು ಕೇಳುವವರೂ ಹೆಬ್ಬೆಟ್ಟು.

ಇತಿಹಾಸ, ಅದರಲ್ಲಿ ಒಂದು ತಿರುವುಮುರುವು

ಸಾಮುದ್ರಿಕಶಾಸ್ತ್ರದವರು ಬೆರಳ ತುದಿಯ ಗೆರೆಗಳಲ್ಲಿ ಶಂಖ, ಚಕ್ರಗಳನ್ನು ಬಹು ಹಿಂದೆಯೇ ಕಂಡಿದ್ದರು. ಆದರೆ ಚಕ್ರವಿದ್ದವನು ರಾಜನಾಗುತ್ತಾನೆ ಎಂದು ಹೇಳಿ ದಕ್ಷಿಣೆ ಪಡೆದು ಸುಮ್ಮನಾದರು. ಅದೇ ಗೆರೆಗಳನ್ನು ಆಡಳಿತಕ್ಕೆ ದುಡಿಸಿಕೊಂಡವನು ಬಂಗಾಳದಲ್ಲಿದ್ದ ವಿಲಿಯಂ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿ. 1858ರಲ್ಲಿ ಒಬ್ಬ ಗುತ್ತಿಗೆದಾರನ ಅಂಗೈಗೆ ಮಸಿ ಬಳಿದು ಕರಾರುಪತ್ರದ ಮೇಲೆ ಒತ್ತಿಸಿಕೊಂಡ. ಮುಂದೆ ಹೂಗ್ಲಿಯಲ್ಲಿ ಪಿಂಚಣಿದಾರರ ಬೆರಳಚ್ಚು ತೆಗೆಸಿದ. ಸತ್ತವರ ಪಿಂಚಣಿಯನ್ನು ಇದ್ದವರು ಪಡೆಯಬಾರದೆಂದು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿಯೇ ತೆರೆಯಿತು. ಅಲ್ಲಿ ವರ್ಗೀಕರಣದ ಲೆಕ್ಕ ಹಾಕಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಪದ್ಧತಿಗೆ ಬಿದ್ದ ಹೆಸರು ಅವರ ಮೇಲಧಿಕಾರಿ ಹೆನ್ರಿಯದು. ಸಂಶೋಧನಾ ವಿದ್ಯಾರ್ಥಿಯಾದ ನನಗೆ ಈ ಭಾಗದಲ್ಲಿ ಆಶ್ಚರ್ಯವೇನೂ ಆಗಲಿಲ್ಲ.

ಕರ್ನಾಟಕದ ಪರ್ವ ಶುರುವಾಗುವುದು ಭೂಮಿ ಯೋಜನೆಯಿಂದ. ಇಪ್ಪತ್ತೊಂದನೆಯ ಶತಮಾನ ಕಣ್ಣುಬಿಡುವ ಹೊತ್ತಿಗೆ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಆಗ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿ ಸಿಗುತ್ತಿತ್ತು. ಕೈಬರಹದ ಪಹಣಿಗೆ ಬೆಲೆ ಇಲ್ಲವಾಯಿತು. ಗ್ರಾಮ ಲೆಕ್ಕಿಗರ ಚೀಲದಲ್ಲಿದ್ದ ಊರು ಚೀಲದಿಂದ ಹೊರಬಂತು. ದೇಶವಿದೇಶದವರು ಬಂದು ನೋಡಿ ಹೋದರು. ಇದು ಒಳ್ಳೆಯ ಕೆಲಸ; ಅಣಕಿಸುವವನೂ ಒಪ್ಪಬೇಕು.

ಭೂಮಿಯಲ್ಲಿ ಬೆರಳಚ್ಚಿನ ಯಂತ್ರವಿತ್ತೆಂಬುದನ್ನು ಮಾತ್ರ ಎಲ್ಲರೂ ಮರೆತಿದ್ದಾರೆ. ಅದಕ್ಕೆ ಬೆರಳು ಕೊಡಬೇಕಾಗಿದ್ದವರು ರೈತರಲ್ಲ, ನೌಕರರು. ತಂತ್ರಾಂಶದೊಳಗೆ ಹೋಗಬೇಕಾದರೆ ಬೆರಳೊತ್ತಬೇಕು. ಮುಂದೆ "ಈ ಖಾತೆ ನಾನು ಬದಲಾಯಿಸಿದ್ದಲ್ಲ" ಎನ್ನಲು ಬಾಯಿ ಇರಬಾರದು. ಅಂದರೆ ಡಿಜಿಟಲ್ ಯುಗದ ಮೊದಲ ಹೆಬ್ಬೆಟ್ಟು ಮೇಜಿನ ಆ ಕಡೆಯದು. ನಂತರ ಏನಾಯಿತು? 2009ರಲ್ಲಿ ಗುರುತು ಪ್ರಾಧಿಕಾರ ಬಂತು, ನಮ್ಮವರೇ ಆದ ನಂದನ್ ನಿಲೇಕಣಿ ಅದರ ಮೊದಲ ಅಧ್ಯಕ್ಷರಾದರು, 2010ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಟೆಂಭ್ಲಿ ಎಂಬ ಹಳ್ಳಿಯಲ್ಲಿ ಮೊದಲ ಆಧಾರ್ ಸಂಖ್ಯೆಗಳನ್ನು ಕೊಟ್ಟರು. ಯಂತ್ರ ನಿಧಾನವಾಗಿ ಮೇಜಿನ ಮೇಲೆ ಜರುಗಿ ಈ ಕಡೆಗೆ ತಿರುಗಿತು. ಇವತ್ತು ಕಚೇರಿ ಕೊಡುವ ಪ್ರಮಾಣಪತ್ರದ ಕೆಳಗೆ ಡಿಜಿಟಲ್ ಸಹಿ ಇದೆ, ಕೈಸಹಿ ಬೇಕಿಲ್ಲ ಎಂದು ಅಚ್ಚಾಗಿರುತ್ತದೆ. ಸಹಿ ಬಲ್ಲ ಸಾಹೇಬರು ಪೆನ್ನು ಮುಟ್ಟಬೇಕಿಲ್ಲ. ಕಷ್ಟಪಟ್ಟು ಸಹಿ ಕಲಿತ ಅವ್ವನ ಸಹಿ ಯಾರಿಗೂ ಬೇಕಿಲ್ಲ. ಈ ಪ್ರಬಂಧದಲ್ಲಿ ಸಂಶೋಧನೆ ಎಂಬುದು ಏನಾದರೂ ಇದ್ದರೆ ಇದೊಂದೇ. ಉಳಿದದ್ದು ಪುಟ ತುಂಬಿಸಲು.

ನಾಮಪ್ರಕರಣ

ನಾಮದ ತೊಡಕು ಜಿಲ್ಲೆಯಿಂದಲೇ ಆರಂಭ. ಇಂಗ್ಲಿಷಿನಲ್ಲಿ ಬೆಲ್ಲಾರಿಯಾಗಿದ್ದದ್ದು 2014ರ ನವೆಂಬರ್ 1ರಂದು ಬಳ್ಳಾರಿಯಾಯಿತು. ಊರವರ ಬಾಯಲ್ಲಿ ಅದು ಎಂದೂ ಬಳ್ಳಾರಿಯೇ ಆಗಿದ್ದರಿಂದ ಹಬ್ಬವೇನೂ ಆಗಲಿಲ್ಲ. ಹಳೆಯ ಕಾಗದಕ್ಕೂ ಹೊಸ ಕಾಗದಕ್ಕೂ ಜಗಳ ಹತ್ತಿತು.

ಇನ್ನು ವ್ಯಕ್ತಿನಾಮ. ಚೇಳ್ಳಗುರ್ಕಿಯ ಎರ್ರಿತಾತನ ಮೇಲಿನ ಭಕ್ತಿಯಿಂದ ಈ ಸೀಮೆಯ ಓಣಿಗೊಬ್ಬ ಎರ್ರಿಸ್ವಾಮಿ ಇದ್ದಾನೆ. ಪಹಣಿಯಲ್ಲಿ ಎರ್ರಿಸ್ವಾಮಿ, ಆಧಾರ್‌ನಲ್ಲಿ ಯರಿಸ್ವಾಮಿ, ಪಾಸ್‌ಬುಕ್ಕಿನಲ್ಲಿ ಯರ್ರಿಸ್ವಾಮಿ. ಇಂಗ್ಲಿಷಿಗೆ ಹೋದರೆ ಇ ಅಕ್ಷರದಿಂದ ಶುರುವೋ ವೈ ಅಕ್ಷರದಿಂದಲೋ, ಆರ್ ಒಂದೋ ಎರಡೋ, ಕೊನೆಗೆ ಐ ಬರಬೇಕೋ ವೈ ಬರಬೇಕೋ. ಎರಡೆರಡಲಿ ನಾಲ್ಕು, ನಾಲ್ಕೆರಡಲಿ ಎಂಟು. ಒಬ್ಬ ರೈತ ಎಂಟು ಜನರಾಗುತ್ತಾನೆ, ಎಂಟರಲ್ಲಿ ಒಬ್ಬನ ಖಾತೆಗೂ ದುಡ್ಡು ಬೀಳುವುದಿಲ್ಲ. ಗಡಿ ಹತ್ತಿರವಾದ್ದರಿಂದ ಆಲೂರು, ಆದೋನಿ, ರಾಯದುರ್ಗದ ಕಡೆಯಿಂದ ಸೊಸೆಯಾಗಿ ಬಂದವರ ಆಧಾರ್ ತೆಲುಗಿನಲ್ಲಿರುತ್ತದೆ. 1953ರಲ್ಲಿ ಬಳ್ಳಾರಿ ಮೈಸೂರಿಗೆ, ಆ ಮೂರೂ ತಾಲ್ಲೂಕು ಆಂಧ್ರಕ್ಕೆ ಎಂದು ಹಂಚಿದಾಗ ಬೀಗತನವನ್ನು ಹಂಚಲು ಯಾರಿಗೂ ನೆನಪಾಗಲಿಲ್ಲ. ವಿಳಾಸವೂ ಆಂಧ್ರದ್ದೇ ಆದ ಆ ಸೊಸೆ, ಕರ್ನಾಟಕದ ಹೆಂಗಸರಿಗೆ ಉಚಿತವಾದ ಶಕ್ತಿ ಬಸ್ಸು ಹತ್ತಿದರೆ ಕಂಡಕ್ಟರಿಗೆ ಟಿಕೆಟ್ ದುಡ್ಡು ಕೊಡಬೇಕು, ಪಕ್ಕದಲ್ಲಿ ಕೂತ ಅತ್ತೆಗೆ ಶೂನ್ಯ ಟಿಕೆಟ್. ಅತ್ತೆ-ಸೊಸೆ ಸಂಬಂಧದ ಮೇಲೆ ಇದರ ಪರಿಣಾಮ ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯ.

ರೂಪಪ್ರಕರಣ

ಹೋಬಳಿಯ ಒಂದು ನ್ಯಾಯಬೆಲೆ ಅಂಗಡಿಯ ಮುಂದೆ ಮೂರು ದಿನ ಕೂತೆ. ಯಾವ ಅಂಗಡಿ ಎಂದು ಹೇಳುವುದಿಲ್ಲ. ಸಂಶೋಧನೆಗೂ ಒಂದು ನೀತಿ ಇದೆ, ಅಲ್ಲದೆ ಅಂಗಡಿಯವರು ಚಹಾ ಕೊಡಿಸಿದ್ದಾರೆ.

ಅಲ್ಲಿ ಬಳಕೆಯಲ್ಲಿರುವ ಪಾರಿಭಾಷಿಕ ಪದ "ತಂಬ್". ತಂಬ್ ಕೊಡುವುದು, ತಂಬ್ ಬೀಳುವುದು, ತಂಬ್ ಬೀಳದಿರುವುದು. ಮೂರನೆಯದೇ ನಮ್ಮ ವಿಷಯ. ಮೆಣಸಿನಕಾಯಿ ಬಿಡಿಸಿದ ಕೈ, ಹತ್ತಿ ಬಿಡಿಸಿದ ಕೈ, ಎರೆಹೊಲದ ಕಳೆ ಕಿತ್ತ ಕೈ. ಶಂಖವೂ ಇಲ್ಲ ಚಕ್ರವೂ ಇಲ್ಲ, ಎಲ್ಲವೂ ಸವೆದು ನುಣ್ಣಗಾಗಿದೆ. ಆ ಕೈ ಬಿಡಿಸಿದ ಮೆಣಸಿನಕಾಯಿ ಬ್ಯಾಡಗಿ ಮಾರುಕಟ್ಟೆಗೆ ಹೋಗಿ ತನ್ನ ಬಣ್ಣದಿಂದಲೇ ಗುರುತು ಹೇಳಿಕೊಳ್ಳುತ್ತದೆ; ಬಿಡಿಸಿದ ಕೈಗೆ ಗುರುತಿಲ್ಲ.

ತಂಬ್ ಬೀಳಿಸುವ ಕ್ರಿಯಾವಿಧಿ ಹೀಗಿದೆ. ಮೊದಲು ಬೆರಳನ್ನು ಸೆರಗಿಗೆ ಒರೆಸುವುದು. ಬೀಳದಿದ್ದರೆ ತಲೆಗೂದಲಿಗೆ ಉಜ್ಜಿ ಎಣ್ಣೆಯ ಪಸೆ ಹತ್ತಿಸುವುದು. ಅದಕ್ಕೂ ಬೀಳದಿದ್ದರೆ ಸೋಪು, ನಿಂಬೆಹಣ್ಣು. ನಂತರ ಯಂತ್ರವನ್ನೇ ಅಂಗಿಗೆ ಒರೆಸುವುದು. ಎಡಗೈ, ಬಲಗೈ, ತೋರುಬೆರಳು, ಉಂಗುರದ ಬೆರಳು ಎಂದು ಹತ್ತೂ ಬೆರಳಿನ ಪ್ರದಕ್ಷಿಣೆ. ಕೊನೆಗೆ ಕಣ್ಣು ಮುಚ್ಚಿ ಒತ್ತುವುದು. ಈ ಕೊನೆಯ ಉಪಾಯದ ತಾಂತ್ರಿಕ ಆಧಾರ ತಿಳಿಯಲಿಲ್ಲ, ಆದರೆ ಎಲ್ಲರೂ ಮಾಡುತ್ತಾರೆ.

ಎರಡನೆಯ ದಿನ ದಾಖಲಿಸಿಕೊಂಡ ಸಂವಾದ:

"ಅವ್ವಾ, ತಂಬ್ ಬೀಳವಲ್ದು. ಇನ್ನೊಂದ್ಸಲ ಒತ್ತು."

"ಒತ್ತೀನಲ್ಲೋ ಯಪ್ಪಾ, ಇನ್ನೆಷ್ಟು ಒತ್ಲಿ?"

"ಜೋರಾಗಿ ಅಲ್ಲಬೇ, ಮೆಲ್ಲಕ."

"ಬೆಟ್ಟು ಕೊಯ್ದೇ ಕೊಡ್ಲೇನು? ಇಲ್ಲೇ ಇಟ್ಕಂಬಿಡು, ತಿಂಗಳಾ ತಿಂಗಳಾ ನೀನೇ ಒತ್ಕ."

ಏಕಲವ್ಯನ ಕತೆಗೆ ಇದಕ್ಕಿಂತ ಒಳ್ಳೆಯ ಭಾಷ್ಯವನ್ನು ನಾನು ಓದಿಲ್ಲ. ದ್ರೋಣ ಒಂದೇ ಸಲ ಕೇಳಿದ, ತೆಗೆದುಕೊಂಡು ಹೋದ. ತಿಂಗಳಿಗೊಮ್ಮೆ ಕೇಳಿ, ಒತ್ತಿಸಿಕೊಂಡು, ಇದು ನಿನ್ನದಲ್ಲ ಎಂದು ಹೇಳುವ ಕಲೆ ದ್ವಾಪರಯುಗಕ್ಕೆ ಸಿದ್ಧಿಸಿರಲಿಲ್ಲ.

ಬೆರಳು ಸೋತಲ್ಲಿ ಓಟಿಪಿ ಇದೆ. ಓಟಿಪಿ ಹೋಗುವುದು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ; ಮೊಬೈಲ್ ಇರುವುದು ಮಗನ ಹತ್ತಿರ; ಮಗ ಇರುವುದು ಬೆಂಗಳೂರಿನ ಯಾವುದೋ ಕಟ್ಟಡದ ಏಳನೆಯ ಅಂತಸ್ತಿನಲ್ಲಿ, ಕೈಗೆ ಸಿಮೆಂಟು ಮೆತ್ತಿಕೊಂಡು. ಇತ್ತ ಅವ್ವ ಯಾರದೋ ಫೋನಿನಿಂದ "ಯಪ್ಪಾ, ಅದೇನೋ ಬಂದೈತಂತೆ, ಹೇಳೋ" ಎನ್ನುತ್ತಾಳೆ. ಅತ್ತ ಮಗನಿಗೆ ಬಂದ ಸಂದೇಶದಲ್ಲಿ, ಇದನ್ನು ಯಾರಿಗೂ ಹೇಳಬೇಡಿ ಎಂದು ಬರೆದಿರುತ್ತದೆ. ಹೇಳಿದರೆ ಸೈಬರ್ ಅಪರಾಧದ ಅಪಾಯ, ಹೇಳದಿದ್ದರೆ ಅವ್ವನಿಗೆ ಅಕ್ಕಿ ಇಲ್ಲ. ಧರ್ಮಸಂಕಟವನ್ನು ಆರು ಅಂಕಿಯಲ್ಲಿ ಹೇಳುವುದು ಎಂದರೆ ಇದೇ.

(ಸರ್ವರ್ ಬಗ್ಗೆ ಇಲ್ಲೊಂದು ಅಧ್ಯಾಯ ಬರಬೇಕಿತ್ತು. ಅದು ಇಲ್ಲದಿರುವಿಕೆಯಿಂದಲೇ ಇರವನ್ನು ತೋರುವ ವಸ್ತುವಾದ್ದರಿಂದ ಅಧ್ಯಾಯವನ್ನೂ ಬರೆಯಲಿಲ್ಲ.)

ಮಧ್ಯವರ್ತಿ ಸಂರಕ್ಷಣಾ ನಿಯಮ

1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಹಾಗೆ ಬಿಟ್ಟುಕೊಟ್ಟ ಈ ದತ್ತ ಮಂಡಲಕ್ಕೆ ಪ್ರಧಾನ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಹೊಲ ಹೊಲ ಅಳೆಸಿದ. ಅವನ ರೈತವಾರಿ ಪದ್ಧತಿಯ ತಿರುಳು ಒಂದೇ: ಸರ್ಕಾರ ಒಂದು ಕಡೆ, ರೈತ ಒಂದು ಕಡೆ, ನಡುವೆ ಜಮೀನ್ದಾರ ಬೇಡ. ನೇರ ನಗದು ವರ್ಗಾವಣೆಯ ಜಾಹೀರಾತಿನಲ್ಲೂ ಇದೇ ಮಾತಿದೆ, ಹಣದ ದಿಕ್ಕು ಮಾತ್ರ ತಿರುಗಿದೆ. ಮನ್ರೋ ಜನಾನುರಾಗಿಯಾಗಿದ್ದ, ಈ ಕಡೆ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟರು ಎನ್ನುತ್ತಾರೆ. (ಆ ಹೆಸರನ್ನು ಆಧಾರ್‌ನಲ್ಲಿ ಹೊಂದಿಸುವ ಕಷ್ಟವನ್ನು ಓದುಗರ ಊಹೆಗೆ ಬಿಟ್ಟಿದ್ದೇನೆ.) ಆದರೆ ಅಳೆದದ್ದನ್ನು ಬರೆದವನು ಯಾರು? ಊರ ಕರಣಂ. ಜಮೀನ್ದಾರ ಹೋದ, ಕರಣಂ ಉಳಿದ. ಅವನ ನಂತರ ಗ್ರಾಮ ಲೆಕ್ಕಿಗ. ಇವತ್ತು ಲ್ಯಾಪ್‌ಟಾಪು, ಪ್ರಿಂಟರು, ಬೆರಳಿನ ಯಂತ್ರ ಇಟ್ಟುಕೊಂಡು ಕೂತ ಹುಡುಗ.

ಇದರಿಂದ ನಾನು ಮಂಡಿಸುವ ನಿಯಮ: ಮಧ್ಯವರ್ತಿಯನ್ನು ಸೃಷ್ಟಿಸಲೂ ಆಗದು, ನಾಶಮಾಡಲೂ ಆಗದು, ಅವನು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಾಗುತ್ತಾನೆ, ಅಷ್ಟೇ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. 2023ರಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಅಂಥ ಹುಡುಗರ ಮುಂದೆ ನೆರೆದ ಜನ ಜಾತ್ರೆಯನ್ನು ನಾಚಿಸುವಂತಿತ್ತು. ತಿಂಗಳಿಗೆ 2,000 ರೂಪಾಯಿ ಯಜಮಾನಿಯ ಖಾತೆಗೇ ಬರುತ್ತದೆ, ಗಂಡನ ಕೈಗಲ್ಲ, ಗೌಡರ ಕೈಗಲ್ಲ. ಬಂದವರ ಮನೆಯಲ್ಲಿ ಅದು ಔಷಧಿಯಾಗಿದೆ, ಶಾಲೆಯ ಫೀಜಾಗಿದೆ. ಬಾರದವರು "ಯಾಕ ಬಂದಿಲ್ಲ?" ಎಂದು ಆ ಹುಡುಗನನ್ನೇ ಕೇಳುತ್ತಾರೆ. ಅವನಿಗೆ ಗೊತ್ತಿಲ್ಲ. ಅವನ ಮುಂದಿನ ಪರದೆಗೂ ಗೊತ್ತಿಲ್ಲ. ಕರಣಂ ಕಾಲದಲ್ಲಿ ಬೈಯಲು ಒಂದು ಮುಖವಿತ್ತು.

ಅನುಬಂಧ

ಬೆರಳು, ಕಣ್ಣು, ಮುಖಗಳನ್ನು ಕೇಳುವ ಹಕ್ಕು ಸರ್ಕಾರಕ್ಕಿದೆಯೇ ಎಂದು 2012ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ಬಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆಗ ಅವರಿಗೆ ಎಂಬತ್ತಾರು ವರ್ಷ. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪು ಅವರ ಹೆಸರಿನಲ್ಲೇ ಇದೆ. 2018ರಲ್ಲಿ ಅದೇ ಕೋರ್ಟು, ಸರ್ಕಾರಿ ಸವಲತ್ತಿಗೆ ಆಧಾರ್ ಕೇಳಬಹುದು ಎಂದಿತು. ಮೂರನೆಯ ದಿನ ಅಂಗಡಿಯ ಸಾಲಿನಲ್ಲಿ ಈ ವಿಷಯ ಪ್ರಸ್ತಾಪಿಸಿದೆ. "ಅವರ ತಂಬಾದ್ರೂ ಬೀಳ್ತಿತ್ತೇನು?" ಎಂದು ಮೊದಲಿನ ಅವ್ವನೇ ಕೇಳಿದಳು.

ಅವಳ ತಂಬ್ ಆ ದಿನವೂ ಬೀಳಲಿಲ್ಲ. ರಾತ್ರಿ ಶಾಲೆಗೆ ಹೋಗಿದ್ದೆ, ಹೆಸರು ಬರೆಯಲು ಬರುತ್ತದೆ, ಬರೆದುಕೊಡಲೇ ಎಂದಳು. ಬರೆಯಲು ಅಲ್ಲಿ ಜಾಗವಿರಲಿಲ್ಲ.

ಜಾಗ ಇರಬೇಕಿತ್ತು. ಆಧಾರ್ ಇಲ್ಲವೆಂದೋ ಬೆರಳಚ್ಚು ಕೂಡಲಿಲ್ಲವೆಂದೋ ಅರ್ಹರಿಗೆ ಪಡಿತರ ನಿರಾಕರಿಸುವಂತಿಲ್ಲ, ಅಂಥವರಿಗೆ ಕೊಟ್ಟದ್ದನ್ನು ಬೇರೆ ವಹಿಯಲ್ಲಿ ಬರೆದಿಡಬೇಕು ಎಂದು ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್‌ನಲ್ಲೇ ಎಲ್ಲ ರಾಜ್ಯಗಳಿಗೂ ಬರೆದಿದೆ. ನಿಮ್ಮ ಊರಿನ ಅಂಗಡಿಗೆ ಹೋದಾಗ ಆ ವಹಿ ಎಲ್ಲಿದೆ ಎಂದು ಕೇಳಿ.