ನಾಯಿಗೆ ಹದಿನೈದು ಅಂಕಿ, ಕೂಸಿಗೆ ಲಾರಿಯ ಗಂಟು

ಬೆಂಗಳೂರಿನ ನಾಯಿಯೊಂದು ಲಂಡನ್ನಿಗೆ ಹೊರಟಿದೆ. ಮನೆಯಲ್ಲಿ ಐದು ತಿಂಗಳಿಂದ ಅದೇ ಮಾತು, ಅದೇ ಧಾವಂತ.

ಮೊದಲು ಚಿಪ್. ಹೆಗಲ ನಡುವೆ, ಚರ್ಮದಡಿ, ಸೂಜಿಯಿಂದ ಇಳಿಸುತ್ತಾರೆ. ಅದರಲ್ಲಿ 15 ಅಂಕಿಯ ಸಂಖ್ಯೆ. ಆಮೇಲೆ ರೇಬೀಸ್ ಲಸಿಕೆ. ಲಸಿಕೆಯಾಗಿ 30 ದಿನ ಕಳೆದ ಮೇಲೆ ರಕ್ತ ತೆಗೆಯಬೇಕು. ರೋಗ ತಡೆಯುವ ಕಸುವು ಮಿಲಿಲೀಟರಿಗೆ 0.5 ಯೂನಿಟ್‌ಗೆ ಕಡಿಮೆ ಇಲ್ಲವೆಂದು ಮಾನ್ಯತೆ ಪಡೆದ ಪ್ರಯೋಗಾಲಯ ಬರೆದುಕೊಡಬೇಕು. ಬರೆದುಕೊಟ್ಟರೂ ಹೊರಡುವಂತಿಲ್ಲ. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ನಂತರ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿಯ ಪತ್ರ.

ಕೊನೆಗೆ ಪೆಟ್ಟಿಗೆ. ಅದಕ್ಕೂ ಅಂತರರಾಷ್ಟ್ರೀಯ ನಿಯಮ. ನಾಯಿ ಅದರೊಳಗೆ ತಲೆಯೆತ್ತಿ ನಿಲ್ಲಬೇಕು, ಆರಾಮಾಗಿ ಮಲಗಬೇಕು, ಒಂದು ಸುತ್ತು ತಿರುಗಬೇಕು. ತಿರುಗಲು ಬಾರದಿದ್ದರೆ ಪ್ರಯಾಣವೇ ರದ್ದು.

ಆಸ್ಟ್ರೇಲಿಯಾಕ್ಕಾದರೆ ಇನ್ನೂ ದೊಡ್ಡ ಪುರಾಣ. ಭಾರತದಿಂದ ನೇರ ಪ್ರವೇಶವಿಲ್ಲ. ಆ ದೇಶ ಒಪ್ಪಿದ ಮತ್ತೊಂದು ದೇಶದಲ್ಲಿ ನಾಯಿ 180 ದಿನ ವಾಸ ಮಾಡಿ ಬರಬೇಕು. ಅಮೆರಿಕ 2024ರ ಆಗಸ್ಟ್ 1ರಿಂದ ಇನ್ನೊಂದು ಷರತ್ತು ಹಾಕಿದೆ. ಆರು ತಿಂಗಳು ತುಂಬದ ಮರಿಗೆ ಗಡಿಯೊಳಗೆ ಜಾಗವಿಲ್ಲ.

ಇದರಲ್ಲಿ ಒಂದು ನಿಯಮವನ್ನೂ ನಾನು ಜರಿಯುವುದಿಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವವರು ಇಲ್ಲವೆನ್ನುವಷ್ಟು ವಿರಳ. ಕಾಯಬೇಕು, ಪರೀಕ್ಷಿಸಬೇಕು, ಬರೆದಿಡಬೇಕು. ನನ್ನ ಹೊಟ್ಟೆಯುರಿ ಬೇರೆ. ಗಡಿ ದಾಟುವ ಒಂದು ಜೀವದ ವಯಸ್ಸು, ರಕ್ತ, ಮಲಗುವ ಜಾಗ, ಎಲ್ಲವನ್ನೂ ಲೆಕ್ಕ ಇಡಲು ಮನುಷ್ಯರಿಗೆ ಬರುತ್ತದೆ ಎಂದಾಯಿತಲ್ಲ. ಹಾಗಾದರೆ ಯಂಕಂಚಿಯ ಲೆಕ್ಕ ಎಲ್ಲಿ ತಪ್ಪಿತು?

ಯಂಕಂಚಿ ಇರುವುದು ನಮ್ಮ ವಿಜಯಪುರ ಜಿಲ್ಲೆಯ ಸಿಂದಗಿ ತಾಲೂಕಿನಲ್ಲಿ. ನಮ್ಮ ಕಡೆಯವರೂ ಪರದೇಶಕ್ಕೆ ಹೋಗುತ್ತಾರೆ. ಕೂಸು ಕಟ್ಟಿಕೊಂಡು, ಆಡು ಕಟ್ಟಿಕೊಂಡು. ಅದನ್ನು ಪ್ರವಾಸ ಅನ್ನುವುದಿಲ್ಲ, ಗುಳೆ ಅನ್ನುತ್ತಾರೆ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಊರು, ತಾಂಡಾಗಳಲ್ಲಿ ದೀಪಾವಳಿಯ ಹಣತೆ ಆರುವಷ್ಟರಲ್ಲಿ ಲಾರಿ ಬಂದು ನಿಲ್ಲುತ್ತದೆ. ಮಹಾರಾಷ್ಟ್ರದ ಕಬ್ಬು ಕರೆಯುತ್ತದೆ. ಕೆಲವರಿಗೆ ಗೋವಾ, ಕೆಲವರಿಗೆ ಪುಣೆ, ಮುಂಬೈ.

ಲಾರಿಯ ಮೇಲೆ ಏನೇನಿರುತ್ತದೆ ನೋಡಿ. ಹಿಟ್ಟಿನ ಚೀಲ, ತಾಡಪತ್ರಿ, ಬುಟ್ಟಿಯೊಳಗೆ ಕಾಲು ಕಟ್ಟಿದ ಕೋಳಿ, ಎರಡು ಆಡು. ಗಂಟುಗಳ ಸಂದಿನಲ್ಲಿ ಮಕ್ಕಳು. ಮೊಲೆಹಾಲು ಕುಡಿಯುವ ಕೂಸೂ ಒಂದು. ಆರು ತಿಂಗಳು ತುಂಬಿತೇ ಎಂದು ಯಾವ ಗಡಿಯಲ್ಲೂ ಯಾರೂ ಕೇಳುವುದಿಲ್ಲ. ಎದ್ದು ನಿಲ್ಲಲು, ಮಲಗಲು, ಒಂದು ಸುತ್ತು ತಿರುಗಲು ಜಾಗವಿದೆಯೇ ಎಂದು ಕೇಳಿದರೆ ಚಾಲಕ ನಗುತ್ತಾನೆ.

ಇನ್ನು ಬೆಂಗಳೂರಿನವರ ಕಡೆ ಬನ್ನಿ. ಅವರ ಮುಂದೆ ನಾಯಿ ಎನ್ನಬಾರದು. ಮಗು ಎನ್ನಬೇಕು. ಅವರು ಮಾಲೀಕರಲ್ಲ, ಪೇರೆಂಟ್ಸ್. ಮಗುವಿಗೆ ಹುಟ್ಟುಹಬ್ಬ, ಮಗುವಿಗೆ ಕೇಕು, ಮಗುವಿಗೆ ಈಜುಕೊಳ. ಸಂತೋಷ. ಪ್ರೀತಿಗೆ ನಾನೇನು ಸುಂಕ ಹಾಕಲು ಹೊರಟಿಲ್ಲ. ಆದರೆ ಇದೇ ಪೇರೆಂಟ್ಸ್ ವಿಮಾನ ಹತ್ತಿದ ಮೇಲೆ ಮುಂದಿನ ಸೀಟಿನಲ್ಲಿ ಎರಡು ವರ್ಷದ ಅಸಲಿ ಮಗು ಅಳತೊಡಗಲಿ. ಮುಖ ನೋಡಬೇಕು ಆಗ. ಅಳುವ ಮಕ್ಕಳನ್ನು ಯಾಕಾದರೂ ಕರೆತರುತ್ತಾರೋ ಎಂದು ಗೊಣಗುವವರ ತೊಡೆಯ ಮೇಲಿನ ಚೀಲದಲ್ಲಿ ಮಗು ಬೊಗಳುತ್ತಿರುತ್ತದೆ.

ಕಂಪನಿಗಳು ಗಿರಾಕಿಯ ನಾಡಿ ಬಲ್ಲವು. ಇಂಡಿಗೋ 2016ರಲ್ಲೇ ಕೆಲವು ಸಾಲುಗಳನ್ನು ನಿಶ್ಶಬ್ದ ವಲಯ ಎಂದು ಸಾರಿ 12 ವರ್ಷದೊಳಗಿನವರನ್ನು ಅಲ್ಲಿಂದ ಹೊರಗಿಟ್ಟಿತು. ಆಕಾಸ ಏರ್ 2022ರ ನವೆಂಬರಿನಲ್ಲಿ ಸಾಕುಪ್ರಾಣಿಗಳನ್ನು ಕ್ಯಾಬಿನ್ನಿಗೇ ಬರಮಾಡಿಕೊಂಡಿತು. ಎರಡೂ ಬೇರೆ ಬೇರೆ ಕಂಪನಿ, ಒಪ್ಪಿದೆ. ಗಿರಾಕಿ ಮಾತ್ರ ಒಬ್ಬನೇ.

ನಮ್ಮ ಕೆಂಪು ಬಸ್ಸಿಗೆ ಬರೋಣ. ಬಸ್ಸಿನಲ್ಲಿ ಸಮಾನತೆ ಇದೆ ಎಂದುಕೊಂಡಿದ್ದೀರಾ? 2024ರ ಮಾರ್ಚಿನಲ್ಲಿ ಒಬ್ಬ ಅಜ್ಜಿ ಮೊಮ್ಮಗಳೊಂದಿಗೆ ಬೆಂಗಳೂರಿನಿಂದ ಮೈಸೂರಿಗೆ ಹೊರಟರು. ಹೆಣ್ಣುಮಕ್ಕಳಿಗೆ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆ, ಇಬ್ಬರಿಗೂ ಟಿಕೆಟ್ ಶೂನ್ಯ. ಕೈಯಲ್ಲಿದ್ದ ಪಂಜರದ ನಾಲ್ಕು ಗಿಳಿಗಳನ್ನು ನಿರ್ವಾಹಕರು ನಾಲ್ಕು ಮಕ್ಕಳೆಂದು ಎಣಿಸಿದರು. ತಲಾ 111ರಂತೆ 444 ರೂಪಾಯಿ. ನಿಯಮದಲ್ಲಿ ಹಾಗೇ ಇದೆ, ನಿರ್ವಾಹಕರ ತಪ್ಪೇನಿಲ್ಲ. ರಾಜ್ಯವೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಗಿಳಿಯನ್ನು ಮಗು ಎನ್ನುವ ನಿಯಮ ಬರೆದ ಕೈಗೆ ಮಗುವನ್ನು ಮಗು ಎನ್ನುವ ನಿಯಮ ಬರೆಯಲು ಪೆನ್ನು ಸಿಗಲಿಲ್ಲವಲ್ಲ.

ಶಕ್ತಿಯ ಮಾತು ಬಂತು, ಅದನ್ನೂ ಮುಗಿಸಿಬಿಡುತ್ತೇನೆ. 2023ರ ಜೂನ್ 11ರಂದು ಶುರುವಾದ ಆ ಯೋಜನೆ ರಾಜ್ಯದೊಳಗೆ ಮಾತ್ರ. ಧರ್ಮಸ್ಥಳಕ್ಕೆ ಹೋಗುವವಳು ಪುಕ್ಕಟೆ. ಹೊಟ್ಟೆಪಾಡಿಗೆ ಸೊಲ್ಲಾಪುರದ ಬಸ್ ಹತ್ತುವವಳು ರೊಕ್ಕ ಎಣಿಸಬೇಕು.

ಅಂಕಿಗಳಿಗೇನೂ ಬರವಿಲ್ಲ ಈ ದೇಶದಲ್ಲಿ. ಎಮ್ಮೆಯ ಕಿವಿಗೆ ಹಳದಿ ಬಿಲ್ಲೆ, 12 ಅಂಕಿ. ಐದು ವರ್ಷದೊಳಗಿನ ಕೂಸಿಗೆ ನೀಲಿ ಆಧಾರ್, ಅದೂ 12 ಅಂಕಿ. ಶಾಲೆಗೆ ಸೇರಿದರೆ ‘ಅಪಾರ್’ ಎಂಬ ಇನ್ನೊಂದು 12 ಅಂಕಿ. ಅಂಗನವಾಡಿ ಕಾರ್ಯಕರ್ತೆಯ ಕೈಯಲ್ಲಿ ಪೋಷಣ್ ಟ್ರ್ಯಾಕರ್. ವಲಸೆ ಹೋದ ಮಗುವನ್ನು ಒಂದು ರಾಜ್ಯದಿಂದ ಮತ್ತೊಂದು ರಾಜ್ಯದ ಅಂಗನವಾಡಿಗೆ ಮೊಬೈಲಿನಲ್ಲೇ ದಾಟಿಸಬಹುದಂತೆ. ಪರದೆಯ ಮೇಲೆ ಮಗು ದಾಟಿತು. ಕಬ್ಬಿನ ಗದ್ದೆಯ ಬದುವಿನಲ್ಲಿ ಗುಡಿಸಲು, ಅಂಗನವಾಡಿ ಇರುವುದು ಊರೊಳಗೆ. ತಾಯಿ ಕತ್ತಲಿರುವಾಗಲೇ ಗದ್ದೆಗೆ ಇಳಿದಿದ್ದಾಳೆ. ಕೂಸನ್ನು ಯಾರು ಒಯ್ಯಬೇಕು, ಸಾಫ್ಟ್‌ವೇರೇ?

ನಾಯಿಯ ಚಿಪ್ಪನ್ನು ಓದಲು ವಿಮಾನ ನಿಲ್ದಾಣದಲ್ಲಿ ಯಂತ್ರ ಹಿಡಿದು ಒಬ್ಬ ನಿಂತಿರುತ್ತಾನೆ. ನಮ್ಮ ಕೂಸಿನ ಸಂಖ್ಯೆ ಓದಲು ಗದ್ದೆಯ ಬದುವಿಗೆ ಯಾರೂ ಬರುವುದಿಲ್ಲ. ವ್ಯತ್ಯಾಸ ಅಷ್ಟೇ.

ಇಲ್ಲ ಇಲ್ಲ, ಯೋಜನೆ ಇದೆ ಎನ್ನುತ್ತಾರೆ ಸಾಹೇಬರು. ಇದೆ. ಗುಳೆ ಹೋದವರ ಮಕ್ಕಳು ಊರಲ್ಲೇ ಉಳಿದು ಓದಲೆಂದು ಋತುಮಾನದ ವಸತಿ ವ್ಯವಸ್ಥೆ ಇದೆ. ಅದು ಶಾಲೆಯ ವಯಸ್ಸಿನವರಿಗೆ. ಮೂರು ವರ್ಷದ್ದಕ್ಕೆ ಅಲ್ಲಿ ಹಾಸಿಗೆ ಇಲ್ಲ. ಆದ್ದರಿಂದ ಮೂರು ವರ್ಷದ್ದು ತಾಯಿಯ ಜೊತೆ ಹೋಗುತ್ತದೆ. ಅದನ್ನು ಹಗಲೆಲ್ಲ ನೋಡಿಕೊಳ್ಳಲು ಒಂಬತ್ತು ವರ್ಷದ ಅಕ್ಕನೂ ಹೋಗುತ್ತಾಳೆ. ವಸತಿಯ ಹಾಸಿಗೆ ಖಾಲಿ, ಹಾಜರಿ ಪುಸ್ತಕ ಮಾತ್ರ ಭರ್ತಿ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಐದನೇ ಕಲಮು ಓದಿದ್ದೀರಾ? ಮಗು ಊರು ಬಿಡಲಿ, ರಾಜ್ಯವನ್ನೇ ಬಿಡಲಿ, ಬೇರೆ ಶಾಲೆಗೆ ವರ್ಗವಾಗುವ ಹಕ್ಕಿದೆ. ಮುಖ್ಯೋಪಾಧ್ಯಾಯರು ಕೂಡಲೇ ವರ್ಗಾವಣೆ ಪತ್ರ ಕೊಡಬೇಕು. ಪತ್ರ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಮಹಾರಾಷ್ಟ್ರದ ಕಾರ್ಖಾನೆಗಳ ಬಳಿ ಕಬ್ಬು ಕಡಿಯುವವರ ಮಕ್ಕಳಿಗೆಂದೇ ಸಕ್ಕರೆ ಶಾಲೆಗಳು ನಡೆದದ್ದುಂಟು. ಪಾಠ ಮರಾಠಿಯಲ್ಲಿ. ಮನೆಯಲ್ಲಿ ಲಂಬಾಣಿ, ಊರ ಶಾಲೆಯಲ್ಲಿ ಕನ್ನಡ, ಗದ್ದೆಯಲ್ಲಿ ಮರಾಠಿ. ಏಳು ವರ್ಷಕ್ಕೇ ತ್ರಿಭಾಷಾ ಸೂತ್ರ. ದಿಲ್ಲಿಯವರು ಬಂದು ಸನ್ಮಾನ ಮಾಡಬೇಕು.

ಭಾಷೆ ಎಂದ ಕೂಡಲೇ ನಮ್ಮ ವೀರರು ನೆನಪಾಗುತ್ತಾರೆ. ಮಹಾರಾಷ್ಟ್ರದ ಜೊತೆಗಿನ ಗಡಿ ವಿಚಾರ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. 2022ರ ಕೊನೆಯಲ್ಲಿ ಜತ್ತ ತಾಲೂಕಿನ ಹಳ್ಳಿಗಳು ಯಾರವು ಎಂದು ಎರಡೂ ಕಡೆ ಗುಡುಗಿದರು. ಬಸ್ಸಿಗೆ ಮಸಿ ಬಳಿದರು, ಕಲ್ಲು ಹೊಡೆದರು. ಒಂದಿಂಚು ನೆಲ ಬಿಡೆವು ಎಂದರು. ಅದೇ ದಿನಗಳಲ್ಲಿ ಕಬ್ಬಿನ ಹಂಗಾಮು ನಡೆದಿತ್ತು. ಅದೇ ಗಡಿ ದಾಟಿ ಲಾರಿಗಳು ಹೋಗುತ್ತಲೇ ಇದ್ದವು. ನೆಲಕ್ಕೆ ಇಷ್ಟು ಮಂದಿ ವಾರಸುದಾರರು. ಆ ನೆಲದ ಮೇಲೆ ಮಲಗಿದ ಕೂಸು ಮಾತ್ರ ಇತ್ತಲಿನವರದೂ ಅಲ್ಲ, ಅತ್ತಲಿನವರದೂ ಅಲ್ಲ.

ಗೋವಾದ ಕಥೆಯೂ ಇದೇ. 1961ರ ಡಿಸೆಂಬರ್ 19ರವರೆಗೆ ಅದು ಪೋರ್ಚುಗೀಸರದು, ಅಪ್ಪಟ ವಿದೇಶ. ಆಮೇಲೆ ಅಲ್ಲಿನ ರಸ್ತೆಗೆ, ಬಂದರಿಗೆ, ಕಟ್ಟಡಕ್ಕೆ ಕಲ್ಲು ಮಣ್ಣು ಹೊತ್ತವರಲ್ಲಿ ನಮ್ಮ ಕಡೆಯವರು ಎಷ್ಟೋ. ವಾಸ್ಕೋದ ಬೈನಾದಲ್ಲಿ 2004ರ ಮಳೆಗಾಲದಲ್ಲಿ ಒಮ್ಮೆ, 2015ರಲ್ಲಿ ಮತ್ತೊಮ್ಮೆ ಮನೆಗಳನ್ನು ಕೆಡವಿದಾಗ ಸಾಮಾನು, ಮಕ್ಕಳ ಸಮೇತ ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದವರು ಬಹಳ. ನಲವತ್ತು ಐವತ್ತು ವರ್ಷವಾದರೂ ವಿದೇಶ ವಿದೇಶವೇ.

ನಿಯಮ ಸಡಿಲಿಸಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಉಕ್ರೇನಿನ ಯುದ್ಧ ನೆನಪಿಸಿಕೊಳ್ಳಿ. ಅಲ್ಲಿ ಸಿಕ್ಕಿಬಿದ್ದ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಸಾಕಿದ ನಾಯಿ, ಬೆಕ್ಕನ್ನು ಬಿಟ್ಟು ಬರಲು ಒಲ್ಲೆ ಎಂದರು. ಒಲ್ಲೆ ಎಂದದ್ದು ಸರಿ. ಕೇಂದ್ರ ಸರ್ಕಾರ 2022ರ ಮಾರ್ಚಿನಲ್ಲಿ ಆ ಒಂದು ಸಲಕ್ಕೆ ನಿಯಮ ಸಡಿಲಿಸಿ ಅವನ್ನೂ ಒಳಗೆ ಬಿಟ್ಟಿತು. ಮನಸ್ಸಿದ್ದರೆ ಕಡತ ಓಡುತ್ತದೆ.

ಅದೇ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ಚಳಗೇರಿಯ ವಿದ್ಯಾರ್ಥಿ ನವೀನ್ ಶೆಲ್ ದಾಳಿಗೆ ಬಲಿಯಾಗಿದ್ದ. ಹೆತ್ತವರು ಮಗನ ದೇಹಕ್ಕಾಗಿ ಕಾಯುತ್ತಿದ್ದರು. ಆಗ ಹುಬ್ಬಳ್ಳಿ–ಧಾರವಾಡದ ಶಾಸಕರೊಬ್ಬರು ಲೆಕ್ಕ ಹೇಳಿದರು. ಶವಕ್ಕೆ ವಿಮಾನದಲ್ಲಿ ಜಾಗ ಹೆಚ್ಚು ಬೇಕು, ಅಷ್ಟರಲ್ಲಿ ಎಂಟು ಹತ್ತು ಮಂದಿ ಕೂರಬಹುದು ಎಂದು. ದೇಹ ಬಂದದ್ದು ಮಾರ್ಚ್ 21ಕ್ಕೆ. ಬಂದ ದೇಹವನ್ನು ಆ ತಂದೆತಾಯಿ ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಲೆಕ್ಕ ಹೇಳಿದವರು ಅದಕ್ಕೂ ಒಂದು ಲೆಕ್ಕ ಹೇಳಬೇಕಿತ್ತು.

ನಮ್ಮ ಜಿಲ್ಲೆಗೂ ವಿಮಾನ ಬರುತ್ತದಂತೆ. ವಿಜಯಪುರದ ಹತ್ತಿರ ಬುರಣಾಪುರದಲ್ಲಿ 2021ರಲ್ಲಿ ನಿಲ್ದಾಣಕ್ಕೆ ಅಡಿಗಲ್ಲು ಬಿತ್ತು. ಬರಲಿ. ನಾಯಿಗಳಿಗೆ ಅನುಕೂಲ.

ಯಂಕಂಚಿಯಿಂದ ಹೊರಟವರ ಲೆಕ್ಕ ಎಲ್ಲೂ ಇಲ್ಲವೇ ಇಲ್ಲ ಎಂದರೆ ಅನ್ಯಾಯವಾದೀತು. ಕಬ್ಬು ಕಡಿಯಲು ಆಳು ಒಯ್ಯುವ ಮುಕಾದಮನ ಪುಸ್ತಕದಲ್ಲಿ ಇದೆ. ಅಲ್ಲಿ ಗಂಡ, ಹೆಂಡತಿ ಸೇರಿ ಒಂದು ‘ಕೊಯ್ತಾ’. ಕೊಟ್ಟ ಮುಂಗಡ ಆ ಕೊಯ್ತಾದ ಹೆಸರಿಗೆ. ಕೂಸಿಗೆ ಜ್ವರ ಬಂದು ತಾಯಿ ಒಂದು ದಿನ ಗುಡಿಸಲಲ್ಲಿ ಕೂತರೆ ‘ಖಾಡಾ’ ಎಂದು ದಂಡ. ಅದನ್ನೂ ಬರೆಯುತ್ತಾರೆ, ತಾರೀಖಿನ ಸಮೇತ. ಕೂಸಿನ ಹೆಸರು ಬರೆಯುವುದಿಲ್ಲ, ಅದರ ಜ್ವರದ ಬೆಲೆ ಬರೆಯುತ್ತಾರೆ. ಹತ್ತು ಹನ್ನೆರಡು ವರ್ಷ ಹೀಗೆ ಹಂಗಾಮಿನಿಂದ ಹಂಗಾಮಿಗೆ ಗಂಟಿನ ಸಂದಿನಲ್ಲಿ ಹೋಗಿ ಬಂದ ಹುಡುಗನಿಗೆ ಮೆಲ್ಲಗೆ ಕಬ್ಬಿನ ಸೂಡು ಕಟ್ಟಲು ಬರುತ್ತದೆ. ಆಮೇಲೆ ಕಡಿಯಲೂ ಬರುತ್ತದೆ. ಆಗ ಮುಕಾದಮ ಪುಸ್ತಕ ತೆಗೆದು ಮೊದಲ ಸಲ ಅವನ ಹೆಸರು ಕೇಳುತ್ತಾನೆ. ಒಂಟಿ ಆಳು, ಅರ್ಧ ಕೊಯ್ತಾ ಎಂದು ಬರೆದುಕೊಳ್ಳುತ್ತಾನೆ.