ಸಾಹೇಬರೂ ನಾಲ್ಕನೇ ಸೀಟೂ

ಡೊಂಬಿವಲಿಯಲ್ಲಿ ಲೋಕಲ್ ಹತ್ತಿದ ಕೂಡಲೇ ನಮ್ಮ ಗುಂಪಿನ ನಿತ್ಯಪೂಜೆ ಶುರು. ಅತ್ತ ಭಜನೆಯವರು ತಾಳ ಕುಟ್ಟಿದರೆ, ಇತ್ತ ನಾವು ನಮ್ಮ ನಮ್ಮ ಸಾಹೇಬರನ್ನು ಕುಟ್ಟುತ್ತೇವೆ. ಮೂವರ ಬೆಂಚಿನಲ್ಲಿ ನಾಲ್ಕನೆಯವನಾಗಿ ಅರ್ಧ ಕುಂಡೆ ಊರಿ ಕೂತವನಿಗೇ ಸಿಟ್ಟು ಜಾಸ್ತಿ. "ಇವತ್ತು ಮುಖಕ್ಕೇ ಹೇಳಿಬಿಡ್ತೇನೆ ಮಾರಾಯ್ರೆ" ಎನ್ನುವಷ್ಟರಲ್ಲಿ ಅವನ ಫೋನು ರಿಂಗಾಯಿತು. "ಹಾಂ ಸರ್, ದಾದರ್ ಬಂತು ಸರ್." ಗಾಡಿ ಇನ್ನೂ ಠಾಣೆಯಲ್ಲಿ!

ನನ್ನ ಸಾಹೇಬರೇನು ಕಮ್ಮಿಯೇ? ಗಾಡಿ ಲೇಟ್ ಎಂದರೆ, "ನಿಮ್ಮದೊಂದೇ ಗಾಡಿ ಲೇಟಾ?" ಅನ್ನುವವರು. ದಾದರ್ ನಿವಾಸಿ, ಕಲ್ಯಾಣ್ ಅವರ ಪಾಲಿಗೆ ಪರದೇಶ. ಆದರೆ 2005ರ ಜುಲೈ 26ರಂದು, ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದು ಲೋಕಲ್‌ಗಳು ನಿಂತಾಗ, ನಮಗೆಲ್ಲ ವಡಾಪಾವ್ ತರಿಸಿ, ಕ್ಯಾಬಿನ್ನಿನ ಸೋಫಾವನ್ನು ಜ್ವರ ಬಂದಿದ್ದ ಪ್ಯೂನ್‌ಗೆ ಬಿಟ್ಟುಕೊಟ್ಟು, ತಾವು ಮೇಜಿನ ಮೇಲೆ ಮಲಗಿದವರೂ ಅವರೇ. ಅವರ ಗೊರಕೆಗೆ ನಮಗ್ಯಾರಿಗೂ ನಿದ್ದೆ ಹತ್ತಲಿಲ್ಲ, ಅದು ಬೇರೆ ಮಾತು.

ದೇವರಂಥ ಮನುಷ್ಯ ಅಂದುಕೊಂಡೆ. ತಿಂಗಳ ಕೊನೆಗೆ ನೋಡಿದರೆ 27ರ ಲೆಕ್ಕದಲ್ಲಿ ನನಗೆ ಅರ್ಧ ದಿನದ ಸಂಬಳ ಕಡಿತ. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಮಸ್ಟರ್‌ನಲ್ಲಿ ಸಹಿ ಹಾಕಿರಲಿಲ್ಲವಂತೆ. ರಾತ್ರಿಯಿಡೀ ಅದೇ ಆಫೀಸಿನಲ್ಲಿ ಬಿದ್ದುಕೊಂಡಿದ್ದವನು ನಾನು!

ಮರುದಿನ ಡೊಂಬಿವಲಿಯಿಂದ ಕುರ್ಲಾವರೆಗೆ ನನ್ನದೇ ಭಾಷಣ.